ಹಡಗಿಗೊಬ್ಬ ಮನುಷ್ಯ

ಕಾಕಾ ದೂರದ ಒಂದು ಬಂದರಿನಾಚೆ ಲಂಗರು ಹಾಕಿದ್ದ ಹಡಗಿನಲ್ಲಿ ಒಬ್ಬನೇ ಉಳಿದಿದ್ದ ದಿನಗಳಲ್ಲಿ ನಾನು ಪುಣೆಯ ಕಾಲೇಜೊಂದರಲ್ಲಿ ದೇಶಗಳ ಪರವಾಗಿ ಮಾತಾಡುತ್ತಿದ್ದೆ. ಅಣಕು ವಿಶ್ವಸಂಸ್ಥೆ ಎಂದು ಆ ಆಟಕ್ಕೆ ಹೆಸರು. ಎದುರಿಗೆ ದೇಶದ ಹೆಸರಿನ ಫಲಕ, ಮೈಮೇಲೆ ಗೆಳತಿಯ ಬ್ಲೇಜರು, ಬಾಯಲ್ಲಿ "ಗೌರವಾನ್ವಿತ ಪ್ರತಿನಿಧಿಗಳ ಮಾತನ್ನು ನನ್ನ ದೇಶವು ತೀವ್ರ ಕಳವಳದಿಂದ ಗಮನಿಸಿದೆ" ಎಂಬ ಮಾತು. ಈ ವಾರ ಹಿಮದ ನಾಡು, ಮುಂದಿನ ವಾರ ಮರಳುಗಾಡು. ದೇಶಗಳಿಗೆ ಗಡಿ ಬೇಕು ಎಂದು ಬೆಳಿಗ್ಗೆ ಗೆದ್ದು, ಬೇಡ ಎಂದು ಮಧ್ಯಾಹ್ನ ಗೆದ್ದವಳು ನಾನು. ಎರಡು ಸಲವೂ ಚಪ್ಪಾಳೆ ತಟ್ಟಿದವರು ಅವರೇ. ಹೀಗೆ ಗೆದ್ದೂ ಗೆದ್ದೂ ನನಗೆ ಮಾತಿನ ಮೇಲಿದ್ದ ನಂಬಿಕೆಯೇ ಹೋಗಿತ್ತು.

ಅಜ್ಜಿಗೆ ಇದು ತಮಾಷೆಯ ಸಂಗತಿ. ನಾನು ಒಂದು ಸಲ ಕಪ್ ಹಿಡಿದುಕೊಂಡು ಯೆರವಡಾದ ನಮ್ಮ ಎರಡು ಕೋಣೆಯ ಮನೆಗೆ ಬಂದಾಗ ಹಾಸಿಗೆಯಲ್ಲಿ ಎದ್ದು ಕೂತು ಕೇಳಿದ್ದಳು:

"ಎರಡೂ ಕಡಿ ಮಾತಾಡಿದವ್ರಿಗೆ ಬಹುಮಾನ ಕೊಡ್ತಾರೇನ? ನಮ್ಮೂರಾಗ ಅಂಥವ್ರಿಗೆ ಬ್ಯಾರೇನ ಹೆಸರಿತ್ತ ನೋಡು."

ಮನೆಯಲ್ಲಿ ಐದು ಜನ. ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ಅಪ್ಪ, ಮಮ್ಮಿ, ಅಜ್ಜಿ, ನಾನು, ಮತ್ತು ಕಾಕಾನ ಹೆಂಡತಿ, ನಮ್ಮ ಕಾಕು. ಕಾಕಾ ಅಪ್ಪನ ತಮ್ಮ. ಅಪ್ಪನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವನು, ಯಾರೋ ಹೇಳಿದರೆಂದು ಮುಂಬೈಗೆ ಹೋಗಿ ತರಬೇತಿ ಪಡೆದು ಸರಕು ಹಡಗುಗಳಲ್ಲಿ ಅಡುಗೆಯವನಾದ. ವರ್ಷಕ್ಕೊಮ್ಮೆ ಬಂದು ಎರಡು ತಿಂಗಳಿರುತ್ತಿದ್ದ. ಬಂದಾಗ ಮೊದಲು ಕೇಳುವುದು ಜೋಳದ ರೊಟ್ಟಿ. ತಾನೇ ತಟ್ಟಿಕೊಳ್ಳುತ್ತಿದ್ದ, ಕಾಕುವಿನ ರೊಟ್ಟಿ ದಪ್ಪ ಎಂದು ಅವಳನ್ನು ರೇಗಿಸುತ್ತ.

ಅವನ ಕೊನೆಯ ಹಡಗಿನ ವಿಷಯ ಹೀಗೆ. ಹಡಗಿನ ಮಾಲೀಕ ಒಂದು ದೇಶದವನು. ಹಡಗಿನ ಧ್ವಜ ಇನ್ನೊಂದು ದೇಶದ್ದು. ಅದೊಂದು ಪುಟ್ಟ ದ್ವೀಪ. ಅಲ್ಲಿಗೆ ಆ ಹಡಗು ಒಮ್ಮೆಯೂ ಹೋದದ್ದಿಲ್ಲ. ಶುಲ್ಕ ಕಟ್ಟಿದರೆ ಧ್ವಜ ಸಿಗುತ್ತದೆ, ಅಷ್ಟೇ. ಹಡಗು ನಿಂತದ್ದು ಮೂರನೆಯ ದೇಶದ ನೀರಿನಲ್ಲಿ. ದುಡಿಯುವವರು ನಮ್ಮವರು ಮತ್ತು ನಮ್ಮಂಥ ಇನ್ನೆರಡು ದೇಶಗಳವರು. ಆ ದೇಶಗಳ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಓದಿದವರು ಆ ದೇಶವನ್ನು ಬೈದು ಹಗುರಾಗುತ್ತಾರೆ. ಹಗುರಾಗುವುದು ಬೇಡ.

ಮಾಲೀಕ ಬಂದರಿನ ಬಾಕಿ ಕೊಡದೆ ಕೈಯೆತ್ತಿದ. ಅಲ್ಲಿನ ಕೋರ್ಟು ಹಡಗನ್ನು ಜಪ್ತಿ ಮಾಡಿತು. ಜಪ್ತಿಯಾದ ಹಡಗನ್ನು ಖಾಲಿ ಬಿಡುವ ಹಾಗಿಲ್ಲ. ಹಗ್ಗ ಕಿತ್ತು ಬೇರೆ ಹಡಗಿಗೆ ಬಡಿದೀತು, ಮುಳುಗಿ ದಾರಿ ಕಟ್ಟೀತು. ಆದ್ದರಿಂದ ಸಿಬ್ಬಂದಿಯಲ್ಲಿ ಒಬ್ಬನನ್ನು ಕಾವಲಿಗೆಂದು ಕೋರ್ಟು ಹೆಸರಿಸುತ್ತದೆ. ಅವನ ಪಾಸ್‌ಪೋರ್ಟು ಅವರ ಬಳಿ. ಹಡಗು ಮಾರಾಟವಾಗುವ ತನಕ ಅವನು ಇಳಿಯುವಂತಿಲ್ಲ. ಉಳಿದವರನ್ನೆಲ್ಲ ವಿಮಾನ ಹತ್ತಿಸಿ ಕಳಿಸಿದರು. ತುಕ್ಕು ಹಿಡಿದ ಹಡಗನ್ನು ಕೊಳ್ಳುವವರು ಯಾರೂ ಬರಲಿಲ್ಲ. ಹೆಸರಿಸಿಕೊಂಡವನು ನಮ್ಮ ಕಾಕಾ.

ಸುದ್ದಿ ಬಂದ ದಿನ ನಾನು ಫೋನಿನಲ್ಲಿ ಅವನನ್ನು ಪಾಟೀಸವಾಲಿಗೆ ಎಳೆದೆ.

"ಕಾಕಾ, ಅಷ್ಟ ಮಂದಿ ಇದ್ರಿ. ನೀನ ಯಾಕ? ಅಡಗಿ ಮಾಡವ್ಗ ಹಡಗ ಕಾಯೂ ಕೆಲಸ ಯಾಕ?"

"ಕ್ಯಾಪ್ಟನ್ ದವಾಖಾನ್ಯಾಗಿದ್ದ. ಉಳಿದ ಹುಡುಗ್ರು ಅಳಲಿಕತ್ತಿದ್ರು. ಬಂದರಿನ ಏಜೆಂಟ ಬಂದ, ಹಡಗ ಯಾರ ನೋಡಕೋತೀರಿ ಅಂತ ಕೇಳಿದ. ಎಲ್ಲಾರೂ ನೆಲಾ ನೋಡಿದ್ರು. ನಾ ಇರ್ತೀನಿ, ನೀವು ಹೋಗಿ ಬರ್ರಿ ಅಂದೆ."

"ಹೋಗಿ ಬರ್ರಿ ಅಂದ್ಯಾ? ಅವರು ಬರೂದಿಲ್ಲ ಕಾಕಾ!"

"ಅದು ಆಮ್ಯಾಲ ಗೊತ್ತಾತು," ಎಂದು ನಕ್ಕ. "ಮನೀ ಕಾಯೂದು ನನಗೇನ ಹೊಸಾದ, ವಕೀಲಬಾಯಿ?"

ಇದು ಹೊರಗಿನವರಿಗೆ ತಿಳಿಯುವಂಥದ್ದಲ್ಲ. ವಿಜಯಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆತನದಲ್ಲಿ, ಮನೆಗೆ ಕೀಲಿ ಹಾಕುವ ಪದ್ಧತಿ ಇರಲಿಲ್ಲ. ದನ ಇವೆ, ದೇವರ ದೀಪ ಇದೆ, ದಾರಿಹೋಕರು ನೀರು ಕೇಳಿ ಬರುತ್ತಾರೆ. ಕೀಲಿ ಹಾಕಿದ ಬಾಗಿಲು ಎಂದರೆ ಮನೆತನ ಮುಗಿದಂತೆ. ಹಾಗಾಗಿ ಎಲ್ಲರೂ ಮದುವೆಗೋ ಮಣ್ಣಿಗೋ ಹೋಗುವಾಗ ಒಬ್ಬ ಉಳಿಯಬೇಕು. ಉಳಿಯುವವನು ಸಣ್ಣಂದಿನಿಂದ ಕಾಕಾನೇ. ಸ್ವಂತ ಅಣ್ಣನ ಮದುವೆ ಸೊಲ್ಲಾಪುರದಲ್ಲಿ ನಡೆದಾಗಲೂ ಇವನು ಹಳ್ಳಿಯಲ್ಲಿ ಎಮ್ಮೆಗಳ ಜೊತೆ ಇದ್ದ. ಅಪ್ಪನ ಮದುವೆಯ ಒಂದು ಫೋಟೋದಲ್ಲೂ ತಮ್ಮನಿಲ್ಲ. ಹೋದವರು ಬರುವಾಗ ಮನೆ ಕಾದವನಿಗೆಂದು ಬುತ್ತಿ ಕಟ್ಟಿಸಿಕೊಂಡು ಬರುತ್ತಿದ್ದರು, ಹೋಳಿಗೆಯನ್ನು ಮೊದಲು ಅವನ ಮುಂದೆ ಬಿಚ್ಚುತ್ತಿದ್ದರು. ಉಳಿಯುವುದು ಅವನಿಗೆ ಶಿಕ್ಷೆಯಾಗಿರಲಿಲ್ಲ, ಮಾನವಾಗಿತ್ತು. ಹೋದವರು ಹಿಂದಿರುಗಿ ಬರುತ್ತಾರೆ ಎಂಬುದು ಆ ಮಾನದ ಒಳಗೇ ಸೇರಿತ್ತು. ಕೋರ್ಟಿನ ಕಾಗದದಲ್ಲಿ ಅದು ಸೇರಿರಲಿಲ್ಲ.

ಹಡಗಿನಲ್ಲಿ ಡೀಸೆಲ್ ಮುಗಿದು ಬೆಳಕು ಹೋಯಿತು. ಬಂದರಿನವರು ಆಗಾಗ ಅಕ್ಕಿ, ನೀರಿನ ಕ್ಯಾನು, ಡಬ್ಬಿಯ ಮೀನು ತಂದು ಹಗ್ಗಕ್ಕೆ ಕಟ್ಟುತ್ತಿದ್ದರು, ಕಾಕಾ ಮೇಲೆಳೆದುಕೊಳ್ಳುತ್ತಿದ್ದ. ಫೋನಿಗೆ ಚಾರ್ಜು ಎಲ್ಲಿಂದ ಬರಬೇಕು? ಆ ಕಡೆ ಬಲೆ ಹಾಕುವ ಒಬ್ಬ ಮೀನುಗಾರನಿದ್ದ. ಕಾಕಾ ಒಂದು ಡಬ್ಬಿಯಲ್ಲಿ ಫೋನಿಟ್ಟು ಹಗ್ಗದಲ್ಲಿ ಇಳಿಬಿಡುತ್ತಿದ್ದ. ಅವನು ಅದನ್ನು ಒಯ್ದು ತನ್ನ ಮನೆಯಲ್ಲಿ ರಾತ್ರಿ ಚಾರ್ಜಿಗೆ ಹಚ್ಚಿ, ಮರುದಿನ ತಂದು ಕೊಡುತ್ತಿದ್ದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಕಾಕಾ ಅವನನ್ನು "ನಮ್ಮ ಮಾವ" ಅನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿದ್ದುದು ಬೇರೊಂದಕ್ಕೆ. ಕಾಕಾನ ಫೋನಿಗೆ ಆ ದೇಶದೊಳಕ್ಕೆ ಹೋಗಲು ವೀಸಾ ಬೇಕಿರಲಿಲ್ಲ. ಮೂರು ದಿನಕ್ಕೊಮ್ಮೆ ಹೋಗಿ, ಒಬ್ಬರ ಮನೆಯಲ್ಲಿ ಮಲಗಿ, ಎದ್ದು ಬರುತ್ತಿತ್ತು. ಮೂರು ದಿನಕ್ಕೊಮ್ಮೆ ಮಾತ್ರ ಕಾಕು ಕಾಕಾನ ದನಿ ಕೇಳುತ್ತಿದ್ದಳು.

ನಾನು ಪತ್ರ ಬರೆಯತೊಡಗಿದೆ. ಬಲ್ಲೆನಲ್ಲ, ಎಲ್ಲ ದೇಶಗಳ ಪರವಾಗಿಯೂ ಮಾತಾಡಿದವಳು! ಬಂದರಿನ ದೇಶ ಉತ್ತರಿಸಿತು: ಇದು ನ್ಯಾಯಾಲಯದ ಸಂಗತಿ, ನಾವು ಕೈಹಾಕುವಂತಿಲ್ಲ. ಧ್ವಜದ ದೇಶ: ಹಡಗು ನಮ್ಮ ನೀರಿನಲ್ಲಿಲ್ಲ, ಬಂದರಿನವರನ್ನು ಕೇಳಿ. ಮಾಲೀಕನ ದೇಶ: ಇದು ಖಾಸಗಿ ವ್ಯಾಜ್ಯ. ನಮ್ಮ ದೇಶ: ವಿಷಯವನ್ನು ಸೂಕ್ತ ಮಟ್ಟದಲ್ಲಿ ಎತ್ತಲಾಗಿದೆ.

ನಾಲ್ಕನ್ನೂ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ಅಪ್ಪ ಕೇಳಿದ, "ಇದರಾಗ ಸುಳ್ಳ ಹೇಳವ್ರು ಯಾರು?"

ಯಾರೂ ಇಲ್ಲ. ನನ್ನ ಕಷ್ಟವೇ ಅದು. ಕಾಲೇಜಿನಲ್ಲಾಗಿದ್ದರೆ ನಾಲ್ವರಿಗೂ ನಾನು ಒಳ್ಳೆಯ ಅಂಕ ಕೊಡುತ್ತಿದ್ದೆ. ಒಬ್ಬೊಬ್ಬರೂ ತಮ್ಮ ಗೆರೆಯೊಳಗೆ ನಿಂತು ಸರಿಯಾಗಿಯೇ ಮಾತಾಡಿದ್ದರು. ನಾಲ್ಕು ಸರಿಗಳ ನಡುವಿನ ನೀರಿನಲ್ಲಿ ಒಬ್ಬ ಮನುಷ್ಯ ಮಳೆನೀರು ಹಿಡಿಯಲು ತಾಡಪತ್ರಿ ಕಟ್ಟಿಕೊಂಡು ಕೂತಿದ್ದ.

ನಮ್ಮ ದೂತಾವಾಸದ ಅಧಿಕಾರಿಯೊಬ್ಬರು ಒಂದು ದಿನ ತಾವಾಗಿಯೇ ಫೋನ್ ಮಾಡಿದರು. ಹಿಂದಿಯಲ್ಲಿ ಮಾತು. ನಾನು ಕಾದು ಕೂತಿದ್ದೆ.

"ವಿಷಯವನ್ನು ಎತ್ತಿದ್ದೀವಿ ಅಂತ ಬರೆದಿದ್ದೀರಿ ಸರ್. ಎತ್ತಿ ಎಲ್ಲಿಟ್ಟಿರಿ?"

ಅವರು, "ಕಾನೂನು ಓದುತ್ತಿದ್ದೀಯೇನಮ್ಮ?" ಎಂದರು. ಸಿಟ್ಟಾಗಲಿಲ್ಲ. ತಾವು ದೋಣಿ ಮಾಡಿಕೊಂಡು ಹಡಗಿಗೆ ಹೋಗಿದ್ದಾಗಿ, ಕಾಕಾ ಒಲೆ ಹೊತ್ತಿಸಿ ತಮಗೆ ಉಪ್ಪಿಟ್ಟು ಮಾಡಿ ಹಾಕಿದ್ದಾಗಿ ಹೇಳಿದರು. ಆಮೇಲೆ ಹೇಳಿದ್ದು ಇಷ್ಟು: ಆ ದೇಶಕ್ಕೂ ನಮಗೂ ಒಳ್ಳೆಯ ಸಂಬಂಧ ಇದೆ, ಆದರೆ ಒಳ್ಳೆಯ ಸಂಬಂಧ ಇರುವ ಕಡೆ ಕೋರ್ಟಿಗೆ ಒತ್ತಡ ತರುವುದು ಇನ್ನೂ ಕಷ್ಟ. ಮಾನವೀಯ ಕಾರಣವೇನಾದರೂ ಇದ್ದರೆ ಹೇಳು, ವಕೀಲರನ್ನು ಹಿಡಿದು ಅರ್ಜಿ ಹಾಕಿಸುತ್ತೇನೆ. ಅವರು ಕೆಟ್ಟವರಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆಗಿರಲಿಲ್ಲ.

ಮಾನವೀಯ ಕಾರಣ ನಮ್ಮ ಮನೆಯಲ್ಲೇ ಮಲಗಿತ್ತು. ಅಜ್ಜಿಯ ಹೃದಯ ದಣಿದಿತ್ತು, ಕಾಲು ಬಾತಿದ್ದವು. ಆಸ್ಪತ್ರೆಯವರು ಹೆಚ್ಚು ದಿನ ಇಲ್ಲವೆಂದು ಅಪ್ಪನನ್ನು ಹೊರಗೆ ಕರೆದು ಹೇಳಿದ್ದರು. ತಾಯಿ ಸಾಯುವ ಮೊದಲು ಮಗ ನೋಡಬೇಕು: ಇದಕ್ಕಿಂತ ಗಟ್ಟಿ ಕಾರಣ ಯಾವ ಕೋರ್ಟಿಗೆ ಬೇಕು? ಆದರೆ ಡಾಕ್ಟರು ಬರೆದರೆ ಸಾಲದು. ಅದನ್ನು ಅನುವಾದಿಸಿ, ಮುಂಬೈಯಲ್ಲಿ ದೃಢೀಕರಿಸಿ, ಆ ದೇಶದವರೂ ಒಪ್ಪಿ ಮುದ್ರೆ ಹಾಕಬೇಕು. ಅಜ್ಜಿಯ ಹೃದಯ ಕೆಟ್ಟಿದೆಯೆಂದು ಎರಡು ಸರಕಾರಗಳು ಒಮ್ಮತಕ್ಕೆ ಬರಬೇಕಿತ್ತು.

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳೇ ಕೇಳಿದಳು.

"ನಾ ಸಾಯಲಿಕತ್ತೀನಿ ಅನ್ನೂದಕ್ಕ ಶಿಕ್ಕಾ ಹೊಡಸಬೇಕೇನ?"

"ಮೂರ ಶಿಕ್ಕಾ, ಅಜ್ಜಿ."

"ನಿಮ್ಮಜ್ಜ ಸತ್ತಾಗ ಒಂದೂ ಇರಲಿಲ್ಲ," ಎಂದಳು, ಗಂಡನಿಗಿಂತ ತನ್ನ ತೂಕ ಹೆಚ್ಚಾದಂತೆ.

ಮುದ್ರೆಗಳೆಲ್ಲ ಬಿದ್ದು ಅರ್ಜಿ ಒಳಗೆ ಹೋಯಿತು. ವಿಚಾರಣೆಗೆ ದಿನ ಗೊತ್ತಾಯಿತು. ಅಜ್ಜಿಗೆ ಅದು ತಿಳಿದದ್ದೇ ತಡ, ಸುಧಾರಿಸತೊಡಗಿದಳು. ಕಾಲಿನ ಬಾವು ಇಳಿಯಿತು. ಎದ್ದು ಬಾಗಿಲ ತನಕ ಬಂದು, ಎದುರು ಮನೆಯ ಮರಾಠಿ ಮಾವಶಿಗೆ "ಮಾಝಾ ಮುಲಗಾ ಯೇಣಾರ್" ಎಂದು, ಮಗ ಬರುತ್ತಾನೆಂದು, ಹೇಳಿ ಬಂದಳು. ಡಾಕ್ಟರು ತಪಾಸಣೆ ಮಾಡಿ "ಪ್ರಗತಿ ಇದೆ" ಎಂದು ಬರೆದುಬಿಟ್ಟರು. ನಾನು ಆ ಚೀಟಿ ಹಿಡಿದು ಗೋಡೆಗೊರಗಿ ಕೂತೆ. ಎದುರು ಪಕ್ಷದವರಿಗೆ ನಾವೇ ವಾದ ಒದಗಿಸಿದಂತಾಗಿತ್ತು.

"ಯಾಕವಾ, ಮಾರಿ ಸಣ್ಣ ಮಾಡಕೊಂಡಿ?"

"ನೀ ಆರಾಮಾಗೀಯಲ್ಲ ಅಜ್ಜಿ, ಕೇಸ ಸಡಲಾಗ್ತದ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಉಸಿರುಗಟ್ಟುವ ತನಕ ನಕ್ಕಳು. "ತಡಿಯವಾ, ಮತ್ತ ಮಲಕೋತೀನಿ ತಗೋ," ಎಂದು ಹಾಸಿಗೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾವೆಲ್ಲ ನಕ್ಕೆವು. ಕಾಕುವೂ ನಕ್ಕಳು.

ವಿಚಾರಣೆಗೆ ಇನ್ನೊಂದು ವಾರವಿದ್ದಾಗ, ಬೆಳಿಗ್ಗೆ ಅಜ್ಜಿಗೆ ಚಹಾ ಕೊಡಲು ಹೋದ ಮಮ್ಮಿ ತುಂಬಿದ ಕಪ್ಪನ್ನು ಹಿಡಿದುಕೊಂಡೇ ಹೊರಗೆ ಬಂದಳು.

ಕಾಕಾನಿಗೆ ಫೋನ್ ಹಚ್ಚಿದೆವು. ಹತ್ತಲಿಲ್ಲ. ಅಂದು ಫೋನು ದಂಡೆಯ ಮೇಲೆ, ಮೀನುಗಾರನ ಮನೆಗೆ ಹೋದ ದಿನ. ದೂತಾವಾಸದವರಿಗೆ ಹೇಳಿದರೆ ಹಡಗಿಗೆ ಸುದ್ದಿ ಮುಟ್ಟಿಸುತ್ತಿದ್ದರೇನೋ. ಆದರೆ ಹೇಳಿದರೆ ಅರ್ಜಿ ಏನಾಗುತ್ತದೆಂದು ನನಗೆ ಗೊತ್ತಿತ್ತು. ನಾನು ಹೇಳಬೇಕಾಗಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಶವ ಇನ್ನೂ ಕೋಣೆಯಲ್ಲಿರುವಾಗ ಅಡುಗೆಕಟ್ಟೆಯ ಬಳಿ ನಿಂತು ಅಪ್ಪ, ಕಾಕು, ನಾನು ದನಿ ತಗ್ಗಿಸಿ ವಾದಿಸಿದೆವು.

"ಭಾವಾರ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಕಾಕು. "ಎಂಟ ದಿನ ಯಾರಿಗೂ ಹೇಳಬ್ಯಾಡ್ರಿ. ಅತ್ತಿ ಅವರೇನ ಬ್ಯಾಡಂತಿದ್ರು?"

"ಹೇಳದ ಇರೂದು ಸುಳ್ಳ ಹೇಳಿದಂಗ ಅಲ್ಲ ಅಪ್ಪಾ," ಎಂದೆ ನಾನು. "ಅವರು ಕೇಳಿದ್ರ ಮಾತ್ರ ಹೇಳಬೇಕಾಗ್ತದ."

ಅಪ್ಪ ನನ್ನನ್ನು ನೋಡಿದ. "ಅವ್ವ ಸತ್ತಾಳ. ಅದನ್ನ ಹೇಳಲಿಕ್ಕೂ ಪಾಯಿಂಟ ಹುಡಕಬೇಕೇನು?"

ಯಾರೂ ಏನೂ ತೀರ್ಮಾನಿಸಲಿಲ್ಲ. ಹೊರಗೆ ಬಂಧುಗಳು ಬಂದಿದ್ದರು. ನಮ್ಮಲ್ಲಿ ಮಣ್ಣು ಮಾಡುವುದು, ಕೂರಿಸಿ. ಗುಂಡಿಯೊಳಗೆ ತೋಡಿದ ಗೂಡಿನಲ್ಲಿ ಅಜ್ಜಿಯನ್ನು ಕೂರಿಸಿ, ವಿಭೂತಿ, ಬಿಲ್ವಪತ್ರಿ ಸುತ್ತ ಇಟ್ಟು, ಮಗನೆಂದು ಅಪ್ಪನನ್ನು ಕರೆದರು. ಅಪ್ಪ ಒಂದು ಹಿಡಿ ಮಣ್ಣು ಹಾಕಿದ. ಇನ್ನೊಂದು ಹಿಡಿ ಎತ್ತಿಕೊಂಡ. ಅದನ್ನು ಹಾಕಲೂ ಇಲ್ಲ, ಕೆಳಗೆ ಬಿಡಲೂ ಇಲ್ಲ. ಹಿಂದಿದ್ದವರು "ಮುಂದ ಸರೀರಿ" ಎಂದಾಗ ಹಾಕಿದ.

ಮರುದಿನ ಮಧ್ಯಾಹ್ನ ಕಾಕಾನೇ ಫೋನ್ ಮಾಡಿದ. ಚಾರ್ಜು ತುಂಬಿದ ಫೋನು, ದನಿಯಲ್ಲಿ ಹುರುಪು. "ಏನವಾ ವಕೀಲಬಾಯಿ, ಭಾಳ ಸಲ ಫೋನ್ ಹಚ್ಚೀರಿ? ತಾರೀಖೇನರ ಮುಂದ ಹೋತೇನ?" ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡ.

"ತಮ್ಮಾ, ಅವ್ವ ಹೋದಳಪಾ."

"ಯಾವಾಗ?"

"ನಿನ್ನಿ."

"ಮಣ್ಣ?"

"ಆತು."

ಸ್ಪೀಕರಿನಲ್ಲಿ ನೀರು ಕಬ್ಬಿಣಕ್ಕೆ ಬಡಿಯುವ ಸದ್ದು ಬಹಳ ಹೊತ್ತು ಬಂತು. ಆಮೇಲೆ ಕಾಕಾ ಹೇಳಿದ, "ನಿನ್ನಿ ನಾ ಏನೂ ತಿಳೀದ ಮೀನ ಹುರಕೊಂಡ ತಿಂದೆ." ನಮ್ಮಲ್ಲಿ ಯಾರೂ ಮೀನು ತಿನ್ನುವವರಲ್ಲ. ಅವನು ತಿನ್ನತೊಡಗಿದ್ದು ನಮಗೆ ಆಗಲೇ ಗೊತ್ತಾದದ್ದು. ಮೀನುಗಾರ ಫೋನು ಒಯ್ಯಲು ಬಂದಾಗ ಒಂದೆರಡು ಮೀನು ಕೊಡುತ್ತಿದ್ದನಂತೆ, ಬೇಡವೆನ್ನಲು ಮಾತು ಬರುತ್ತಿರಲಿಲ್ಲವಂತೆ.

ಎರಡು ದಿನ ಬಿಟ್ಟು ದೂತಾವಾಸದ ಅಧಿಕಾರಿಯ ಫೋನು ಬಂತು. ನಾನು ಸ್ನಾನಕ್ಕೆ ಹೋಗಿದ್ದೆ, ಕಾಕು ಎತ್ತಿಕೊಂಡಳು. ವಿಚಾರಣೆಯ ತಯಾರಿ ನಡೆದಿದೆ ಎಂದು ಹೇಳಲು ಮಾಡಿದ್ದರಂತೆ. ಸಜ್ಜನರು, ಮೊದಲು ಮಾತಿಗೆಂದು ಕೇಳಿದರು: ಮಾತಾಜಿ ಹೇಗಿದ್ದಾರೆ? ಅಷ್ಟೇ. ಎಂಟು ದಿನ ಸುಮ್ಮನಿರಿ ಎಂದು ಕಾಲಿಗೆ ಬೀಳಲು ಬಂದಿದ್ದ ಕಾಕು ಫೋನ್ ಹಿಡಿದುಕೊಂಡು ಅಳತೊಡಗಿದಳು. ಒಂದು ಮಾತೂ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಅವರು ಸುಳ್ಳು ಅರ್ಜಿಯನ್ನು ಮುಂದುವರಿಸುವಂತಿರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಮುಂದುವರಿಸುತ್ತಿರಲಿಲ್ಲ. ಅರ್ಜಿ ಹಿಂದಕ್ಕೆ ಬಂತು. ಕಾರಣ ಉಳಿದಿಲ್ಲವಾದ್ದರಿಂದ ಪರಿಹಾರವೂ ಉಳಿಯುವುದಿಲ್ಲ ಎಂಬರ್ಥದ ಒಂದು ಸಾಲು. ಚರ್ಚೆಯ ಮೊದಲ ಪಾಠವೇ ಅದು: ಆಧಾರ ಬಿದ್ದರೆ ವಾದ ಬೀಳುತ್ತದೆ. ಅಮ್ಮ ಸಾಯುತ್ತಿದ್ದರೆ ಮಗ ಬರಬಹುದು, ಸತ್ತಮೇಲೆ ಬರುವುದೇಕೆ? ಇದರಲ್ಲೂ ತರ್ಕದ ತಪ್ಪು ತೋರಿಸಲು ನನ್ನಿಂದ ಆಗಲಿಲ್ಲ.

ಕಾಕು ಊಟ ಬಿಟ್ಟಳು. ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತು ಬಂದಳು. ಕಾಕಾನ ಫೋನಿನ ಮಾತುಗಳು ಚಿಕ್ಕವಾದವು. ಮೂರು ದಿನಕ್ಕೊಮ್ಮೆ ಇದ್ದದ್ದು ವಾರಕ್ಕಾಯಿತು. ಡಬ್ಬಿಯನ್ನು ಇಳಿಬಿಡಲು ಬೇಸರ ಅನ್ನುತ್ತಿದ್ದ. ಒಂದು ಸಲ, "ರಾತ್ರಿ ಯಾರರ ಮ್ಯಾಲ ಅಡ್ಡಾಡಿದಂಗ ಆಗ್ತದವಾ, ಎದ್ದ ಹೋಗಿ ನೋಡಿದ್ರ ನಾನ," ಎಂದ. ಅಂದಿನಿಂದ ನನಗೆ ಹೆದರಿಕೆ ಹತ್ತಿತು. ಹಡಗು ಮಾರಾಟವಾಗುವ ಹೊತ್ತಿಗೆ ಇಳಿದು ಬರುವವನು ನಮ್ಮ ಕಾಕಾ ಆಗಿರುತ್ತಾನೋ ಇಲ್ಲವೋ.

ಕೋರ್ಟಿನ ಮೂಲ ಆದೇಶವನ್ನು ತರಿಸಿಕೊಂಡು ಓದಿದೆ. ಮತ್ತೆ ಓದಿದೆ. ಹಡಗನ್ನು ಒಬ್ಬ ಮನುಷ್ಯ ಕಾಯಬೇಕು ಎಂದಿತ್ತು. ಕೆಳಗೆ ಕಾಕಾನ ಹೆಸರಿತ್ತು, ಆದರೆ ಆ ಮನುಷ್ಯ ಕೊನೆಯ ತನಕ ಇವನೇ ಆಗಿರಬೇಕೆಂದು ಎಲ್ಲೂ ಇರಲಿಲ್ಲ. ಬದಲಿ ಮನುಷ್ಯ ಸಿಕ್ಕರೆ ಮೊದಲನೆಯವನನ್ನು ಹಿಡಿದಿಡಲು ಕಾನೂನಿನಲ್ಲಿ ಕಾರಣವೇ ಇಲ್ಲ. ಎರಡು ಪುಟದಲ್ಲಿ ಬರೆದೆ. ಒಂದು ವಿಶೇಷಣವಿಲ್ಲ, ಒಂದು ಕಣ್ಣೀರಿಲ್ಲ. ಅಷ್ಟು ಚೊಕ್ಕ ವಾದವನ್ನು ನಾನು ಯಾವ ವೇದಿಕೆಯಲ್ಲೂ ಮಂಡಿಸಿರಲಿಲ್ಲ. ಅಧಿಕಾರಿ ಓದಿ, "ಇದು ನಿಲ್ಲುತ್ತದೆ" ಎಂದರು. ವಕೀಲರೂ ಹಾಗೆಯೇ ಅಂದರು. ನಿಂತಿತು. ಬದಲಿ ಮನುಷ್ಯನನ್ನು ಬಂದರಿನ ಏಜೆಂಟನೇ ಹುಡುಕಿದ. ಅವನು ಯಾರೆಂದು ನಾವು ಯಾರೂ ಕೇಳಲಿಲ್ಲ. ಕಾಕು ಅಂದು ಊಟ ಮಾಡಿದಳು.

ಕಾಕಾ ಬಂದ. ಲೋಹಗಾಂವ್ ವಿಮಾನ ನಿಲ್ದಾಣದ ಹೊರಗೆ ನಾವು ನಾಲ್ವರೂ ನಿಂತಿದ್ದೆವು. ನಮ್ಮ ಪಕ್ಕದಿಂದಲೇ ದಾಟಿಹೋದವನನ್ನು ಯಾರೂ ಗುರುತಿಸಲಿಲ್ಲ. ಅಪ್ಪ ಹಿಂದಿರುಗಿ ನೋಡಿ "ತಮ್ಮಾ?" ಎಂದ, ಕೇಳುವಂತೆ. ಕಾಕು ಅವನ ತೋಳು ಹಿಡಿದುಕೊಂಡವಳು ಮನೆ ಬರುವ ತನಕ ಬಿಡಲಿಲ್ಲ. ಮನೆಯಲ್ಲಿ ಅಜ್ಜಿಯ ಹಾಸಿಗೆ ತೆಗೆದ ಜಾಗದಲ್ಲಿ ಅವನು ಹೋಗಿ ಕೂತ. ಸಂಜೆ ಕಾಕು ತಟ್ಟಿದ ರೊಟ್ಟಿಯನ್ನು ದಪ್ಪ ಎನ್ನದೆ ತಿಂದ.

ಆಮೇಲೆ ಹೇಳಿದ. ಬದಲಿಗೆ ಬಂದವನು ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಂತೆ. ಯುದ್ಧ ನಡೆದಿರುವ ಒಂದು ದೇಶದವನು. ಅವನ ದೇಶದ ದೂತಾವಾಸ ಆ ಊರಿನಲ್ಲಿ ಇತ್ತಂತೆ, ಮುಚ್ಚಿ ಬಹಳ ಕಾಲವಾಗಿದೆ. ಸಿನಿಮಾ ನೋಡಿ ಕಲಿತ ಹರಕು ಮುರುಕು ಹಿಂದಿ. ಇಬ್ಬರೂ ಒಂದು ರಾತ್ರಿ ಹಡಗಿನಲ್ಲಿ ಜೊತೆಗಿದ್ದರು. ತಾಡಪತ್ರಿ ಹೇಗೆ ಕಟ್ಟಬೇಕು, ಯಾವ ಒಲೆ ಹೊತ್ತುತ್ತದೆ, ಫೋನಿನ ಡಬ್ಬಿ ಯಾವ ಕಡೆಯಿಂದ ಇಳಿಬಿಡಬೇಕು, ಎಲ್ಲ ತೋರಿಸಿಕೊಟ್ಟ. ತನ್ನ ಸ್ವೆಟರು ಕೊಟ್ಟ.

"ಇಳಿಯಾಕ ಬಿಡೂದಿಲ್ಲ ಅಂತ ಅವಗ ಹೇಳಿದ್ಯಾ ಇಲ್ಲ?" ಎಂದೆ.

"ಹೇಳ್ದೆ. ಹಿಂದಿಯೊಳಗ ಹೇಳ್ದೆ, ಕೈ ಮಾಡಿ ಹೇಳ್ದೆ. ಕಾಗದಕ್ಕ ಸಹಿ ಮಾಡಬ್ಯಾಡ, ನನ್ನಂಗ ಆಗ್ತದ ಅಂತ. ಅಂವ ಏನಂದ ಗೊತ್ತೇನ? ಊಟ ಕೊಡ್ತಾರಲ್ಲ ಅಂದ."

"ಮತ್ತ ನೀ?"

"ನಾ ದೋಣ್ಯಾಗ ಇಳದೆ." ಕೈ ತೊಳೆದುಕೊಂಡು ಬಂದು ಮತ್ತೆ ಅಲ್ಲೇ ಕೂತ. "ಇಳೀಬಾರದಿತ್ತೇನ? ನೀನ ಹೇಳು, ನಿನಗ ಎರಡೂ ಕಡಿ ಗೊತ್ತ."

ನನಗೆ ಎರಡೂ ಕಡೆ ಗೊತ್ತಿತ್ತು. ಆ ಎರಡು ಪುಟಗಳನ್ನು ಆಮೇಲೆ ಎಷ್ಟೋ ಸಲ ತೆಗೆದು ಓದಿದ್ದೇನೆ, ಎದುರು ಪಕ್ಷದಲ್ಲಿ ಕೂತು ತಪ್ಪು ಹುಡುಕಿದ್ದೇನೆ. ಸಿಕ್ಕಿಲ್ಲ. ಹಡಗಿಗೊಬ್ಬ ಮನುಷ್ಯ ಬೇಕಿತ್ತು. ಕಾಕಾನ ಬೆನ್ನಿಗೆ ಒಂದು ಸರಕಾರವಿತ್ತು, ನಿಧಾನವಾದದ್ದೇ ಇರಲಿ, ದೋಣಿಯಲ್ಲಿ ಹೋಗಿ ಉಪ್ಪಿಟ್ಟು ತಿಂದು ಬರುವಷ್ಟಾದರೂ ಇತ್ತು. ಅದು ಎಳೆಯಿತು, ಕಾಕಾ ಬಂದ. ಎಳೆಯುವವರಿಲ್ಲದವನು ಆ ಜಾಗಕ್ಕೆ ಹೋಗಿ ನಿಂತ. ದೇಶಗಳ ನಡುವಿನ ಸಹಕಾರ ಎಂದು ನಾವು ಕಾಲೇಜಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದೆವಲ್ಲ, ನಮ್ಮ ಮನೆಗೆ ಅದು ನಿಜವಾಗಿ ಬಂದಾಗ ಹೀಗಿತ್ತು. ನಾನು ಆಮೇಲೆ ಚರ್ಚೆಗೆ ಹೋಗಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಹೋದೆ. ಈಗಲೂ ಹೋಗುತ್ತೇನೆ. ಅಂಕ ಕೊಡುವವಳಾಗಿ.

ಕಾಕಾ ಸಂಜೆ ಆ ಹುಡುಗನಿಗೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತಾನೆ. "ಖಾನಾ ಖಾಯಾ? ಬಾರಿಶ್ ಹೈ?" ಊಟವಾಯಿತೇ, ಮಳೆಯಿದೆಯೇ ಎಂದು. ಆರಂಭದಲ್ಲಿ ಮೂರು ದಿನಕ್ಕೊಮ್ಮೆ ಉತ್ತರ ಬರುತ್ತಿತ್ತು. ಈಗ ವಾರಕ್ಕೊಮ್ಮೆ. ವಾರಕ್ಕೊಮ್ಮೆ ಆಗುವುದೆಂದರೇನೆಂದು ಈ ಮನೆಯಲ್ಲಿ ನಮಗೆಲ್ಲ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಅಧಿಕಾರಿಗೆ ಬರೆದೆ. ಅವರು ಬೇರೆ ದೇಶಕ್ಕೆ ವರ್ಗವಾಗಿದ್ದರು. ಆದರೂ ಉತ್ತರ ಬರೆದರು: ಅವನು ನಮ್ಮ ಪ್ರಜೆಯಲ್ಲಮ್ಮ, ನನಗೆ ಕೇಳುವ ಹಕ್ಕೇ ಇಲ್ಲ. ಸರಿಯಾದ ಮಾತು.

ಕಳೆದ ಭಾನುವಾರ ಕಾಕಾ ನನ್ನ ಲ್ಯಾಪ್‌ಟಾಪಿನ ಪಕ್ಕ ಬಂದು ಕೂತ.

"ಅವಂದೊಂದ ಅರ್ಜಿ ಬರೀವಾ."

"ಯಾವ ದೇಶಕ್ಕ ಬರೀಲಿ ಕಾಕಾ? ಅವಂದು ದೂತಾವಾಸನ ಇಲ್ಲ."

"ಕೋರ್ಟಿಗೇ ಬರಿ. ಅವ್ವನ ಸಲುವಾಗಿ ನನಗ ಬರದಿದ್ದ್ಯಲ್ಲ, ಹಂಗ."

"ಅದಕ್ಕ ಕಾರಣ ಬೇಕಾಗ್ತದ. ಅವನ ಮನ್ಯಾಗ ಯಾರಿಗರ ಆರಾಮ ಇಲ್ಲೇನ? ತಾಯಿ ಅದಾಳೇನ ಅವಗ?"

ಕಾಕಾ ಫೋನನ್ನು ಅಂಗೈಯಲ್ಲಿ ತಿರುಗಿಸಿದ.

"ಅದಾಳ," ಎಂದ. "ನಾ ಕೇಳೇನಿ. ಗಟ್ಟಿ ಅದಾಳಂತ."